ಚಿಲಕವಿಲ್ಲದ ಬಚ್ಚಲ ಬಾಗಿಲು

ಮಗು,

ಕಳೆದ ಭಾನುವಾರ ನಿಮ್ಮ ಮನೆಗೆ ಬಂದಿದ್ದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ನಿನಗೆ ಬಿದ್ದಿರಲಿಕ್ಕಿಲ್ಲ, ಗಂಡುಹುಡುಗರಿಗೆ ಇಂಥವು ಕಾಣುವುದು ಕಡಿಮೆ. ನಿಮ್ಮ ಬಚ್ಚಲಮನೆ ಬಾಗಿಲಿಗೆ ಒಳಗಿನ ಚಿಲಕವಿಲ್ಲ. ಅದಿದ್ದ ಜಾಗದಲ್ಲಿ ನಾಲ್ಕು ಸ್ಕ್ರೂ ತೂತು ಮಾತ್ರ ಉಳಿದಿವೆ. ಕೇಳಿದರೆ ನಿಮ್ಮಮ್ಮ ನಕ್ಕಳು. ಎರಡು ತಿಂಗಳ ಹಿಂದೆ ನಿಮ್ಮಪ್ಪ ಒಳಗೆ ಹೋಗಿ ಚಿಲಕ ಹಾಕಿಕೊಂಡವರು, ತೆಗೆಯುವುದು ಹೇಗೆಂದು ತಿಳಿಯದೆ ಮುಕ್ಕಾಲು ಗಂಟೆ ಬಾಗಿಲು ಬಡಿದರಂತೆ. ಮಾರನೆಯ ದಿನವೇ ಬಡಗಿಯನ್ನು ಕರೆಸಿ ಚಿಲಕ ಬಿಚ್ಚಿಸಿದಳಂತೆ. ಒಳ್ಳೆಯ ಕೆಲಸವೇ ಮಾಡಿದ್ದಾಳೆ. ಆದರೆ ಅಂದಿನಿಂದ ಅವಳು ಸ್ನಾನ ಮಾಡುವುದು ಬಾಗಿಲನ್ನು ಒಂದು ಗೇಣು ತೆರೆದಿಟ್ಟುಕೊಂಡು. ಕಿವಿ ನಡುಮನೆಯಲ್ಲಿ, ಕೈ ಚೊಂಬಿನಲ್ಲಿ. ನಾಲ್ಕು ಚೊಂಬು ಸುರಿದುಕೊಂಡು ಮೈ ಸರಿಯಾಗಿ ಒರೆಸದೆಯೇ ಹೊರಗೆ ಬರುತ್ತಾಳೆ.

ನಾನೂ ಆರು ವರ್ಷ ಹಾಗೇ ಸ್ನಾನ ಮಾಡಿದವಳು.

ನನ್ನನ್ನು ಆಟೊ ಹತ್ತಿಸುವಾಗ ಗೇಟಿನ ಹತ್ತಿರ ನೀನು ಮೆಲ್ಲಗೆ ಕೇಳಿದೆ: “ದೊಡ್ಡಮ್ಮ, ನೀವು ಎಲ್ಲಾ ನೋಡಿದೋರು. ಇದಕ್ಕೆ ಬೆಸ್ಟ್ ಡಾಕ್ಟರು ಯಾರು ಹೇಳಿ. ಎಷ್ಟು ಖರ್ಚಾದ್ರೂ ಪರವಾಗಿಲ್ಲ.” ಆಮೇಲೆ ಬರೀತೀನಿ ಅಂದೆ. ಈಗ ಬರೆಯುತ್ತಿದ್ದೇನೆ. ಡಾಕ್ಟರ ವಿಷಯ ಇದರಲ್ಲಿ ಸ್ವಲ್ಪವೇ ಇದೆ. ನಿನ್ನ ಪ್ರಶ್ನೆಯಲ್ಲಿ ನಿಮ್ಮಮ್ಮ ಇರಲೇ ಇಲ್ಲ, ಅದಕ್ಕೆ.

ಆ ಸ್ವಲ್ಪವನ್ನು ಮೊದಲು ಹೇಳಿ ಮುಗಿಸುತ್ತೇನೆ. ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯನ್ನು ನಂಬಿ, ನಿನ್ನ ದೊಡ್ಡಪ್ಪನ ಮರೆವಿನ ವಿಷಯದಲ್ಲಿ ನಾವು ಎರಡು ವರ್ಷ ಕಳೆದುಕೊಂಡೆವು. ಬೇಂದ್ರೆಯವರು ಅದೇ ಮಾತನ್ನು ಪುಸ್ತಕಕ್ಕೆ ಹೆಸರಾಗಿಟ್ಟು 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಅದು ಕವಿಯ ಕೈಯಲ್ಲಿ ಚೆಂದ, ಮನೆಯ ಯಜಮಾನರ ತಲೆಯ ವಿಷಯದಲ್ಲಿ ಚೆಂದವಲ್ಲ. ನಮ್ಮ ದೇಶದಲ್ಲಿ ಅರವತ್ತು ದಾಟಿದವರನ್ನು ಪರೀಕ್ಷಿಸಿ ಮಾಡಿದ ದೊಡ್ಡ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 100ಕ್ಕೆ 7.4 ಜನರಿಗೆ ಡಿಮೆನ್ಶಿಯಾ, ಅಂದರೆ ಈ ಮರೆವಿನ ಕಾಯಿಲೆ ಇದೆ, ಒಟ್ಟು ಸುಮಾರು 88 ಲಕ್ಷ ಜನ. ಹಾಗಾದರೆ ಉಳಿದ ತೊಂಬತ್ತೆರಡು ಚಿಲ್ಲರೆ ಮಂದಿಗೆ ಅದು ಇಲ್ಲ ಎಂದಾಯಿತಲ್ಲ? ವಯಸ್ಸಾದ ಮೇಲೆ ಇದು ಸಹಜ ಎಂದು ಯಾರಾದರೂ ಸಮಾಧಾನ ಹೇಳಿದರೆ ನಾನು ಈ ಲೆಕ್ಕ ಒಪ್ಪಿಸುತ್ತೇನೆ.

ಮರೆವೆಲ್ಲ ಅಲ್ಜೈಮರ್ ಅಲ್ಲ ಎನ್ನುವುದೂ ನಿನಗೆ ಗೊತ್ತಿರಲಿ. ಥೈರಾಯ್ಡ್ ಏರುಪೇರಾದರೆ, ನಮ್ಮಂಥ ಸಸ್ಯಾಹಾರಿ ಮನೆಗಳಲ್ಲಿ ಬಿ12 ಕಡಿಮೆಯಾದರೆ, ಬಿದ್ದು ತಲೆಗೆ ಪೆಟ್ಟಾಗಿ ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ, ಮನಸ್ಸು ತೀರ ಕುಗ್ಗಿದ್ದರೆ ಕೂಡ ಹೀಗೆ ಕಾಣಬಹುದು. ಇವಕ್ಕೆಲ್ಲ ಚಿಕಿತ್ಸೆ ಇದೆ. ಅದಕ್ಕೇ ಒಮ್ಮೆ ಪೂರ್ತಿ ತಪಾಸಣೆ ಆಗಲೇಬೇಕು. ನಿಮ್ಹಾನ್ಸ್‌ಗೆ ಹೋಗುವುದಾದರೆ ಸರಿಯೇ, ಆದರೆ ಈಗ ಎಲ್ಲದಕ್ಕೂ ಅಲ್ಲಿಗೇ ಓಡಬೇಕಿಲ್ಲ. ನಿಮ್ಹಾನ್ಸ್‌ನವರೂ ರಾಜ್ಯ ಸರ್ಕಾರದವರೂ ಸೇರಿ 2022ರಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಮತ್ತು ಜಯನಗರದ ಆಸ್ಪತ್ರೆಗಳಲ್ಲಿ ಮಿದುಳು ಆರೋಗ್ಯ ಕ್ಲಿನಿಕ್ ತೆರೆದರು. ಆಮೇಲೆ ಬೇರೆ ಜಿಲ್ಲೆಗಳಿಗೂ ಅದು ಹಬ್ಬಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ಮಾತ್ರೆಗಳಿವೆ. ಕೆಲವರಿಗೆ ಕೆಲವು ಕಾಲ ಇಳಿಜಾರನ್ನು ಸ್ವಲ್ಪ ನಿಧಾನ ಮಾಡುತ್ತವೆ. ಹೋದದ್ದನ್ನು ಅವು ತಂದುಕೊಡುವುದಿಲ್ಲ. “ಎಷ್ಟು ಖರ್ಚಾದ್ರೂ ಪರವಾಗಿಲ್ಲ” ಎನ್ನುವ ನಿನ್ನ ಮಾತಿಗೆ ಅಲ್ಲಿ ಬೆಲೆಯಿಲ್ಲ, ಮರಿ. ಆ ದುಡ್ಡಿಗೆ ಬೇರೆ ಕೆಲಸವಿದೆ.

ಇನ್ನೊಂದು. ಮರೆವು ತಿಂಗಳುಗಟ್ಟಲೆಯಲ್ಲಿ ಮೆಲ್ಲಗೆ ಇಳಿಯುವಂಥದ್ದು. ನಿನ್ನೆ ಚೆನ್ನಾಗಿದ್ದವರು ಇವತ್ತು ಇದ್ದಕ್ಕಿದ್ದಂತೆ ಏನೇನೋ ಬಡಬಡಿಸಿದರೆ, ಹಗಲೆಲ್ಲ ತೂಕಡಿಸಿದರೆ, ಗೋಡೆಯ ಮೇಲೆ ಯಾರೋ ಇದ್ದಾರೆ ಎಂದರೆ, ಕಾಯಿಲೆ ಜಾಸ್ತಿಯಾಯಿತು ಎಂದು ಅಳುತ್ತಾ ಕೂರಬೇಡಿ. ಅದೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನಿನ್ನ ದೊಡ್ಡಪ್ಪನಿಗೆ ಹೀಗಾದಾಗ ಅದು ಮೂತ್ರದ ಸೋಂಕು. ಒಂದು ವಾರದ ಔಷಧಿಗೆ ಮತ್ತೆ ಮೊದಲಿನಂತಾದರು. ಮೊದಲಿನಂತೆ ಎಂದರೆ ಸೋಂಕಿಗೆ ಮೊದಲಿನಂತೆ.

ಡಾಕ್ಟರ ಮಾತು ಮುಗಿಯಿತು. ಈಗ ಒಂದು ಹಾಳೆ ತೆಗೆದುಕೊ. ಬೆಳಿಗ್ಗೆ ಐದರಿಂದ ಮಾರನೆಯ ಬೆಳಿಗ್ಗೆ ಐದರವರೆಗೆ ಇಪ್ಪತ್ನಾಲ್ಕು ಗೆರೆ ಎಳೆ. ಅದರಲ್ಲಿ ಯಾವ ಗಂಟೆ ನಿಮ್ಮಮ್ಮನದು? ಹೇಳು ನೋಡೋಣ. ನಿದ್ದೆಯನ್ನು ಲೆಕ್ಕಕ್ಕೆ ಹಿಡಿಯಬೇಡ, ನಿಮ್ಮಪ್ಪ ರಾತ್ರಿ ಮೂರು ಸಲ ಏಳುತ್ತಾರೆ. ಇನ್ನು ಮುಂದೆ ಯಾರು ಯಾವ ಸಹಾಯದ ಹೆಸರು ಹೇಳಿದರೂ, ಅದು ಸರ್ಕಾರದ್ದಿರಲಿ, ಟ್ರಸ್ಟಿನದಿರಲಿ, ಪಕ್ಕದ ಮನೆಯವರದಿರಲಿ, ನೀನು ಕೇಳಬೇಕಾದದ್ದು ಒಂದೇ: ಇದರಿಂದ ನಮ್ಮಮ್ಮನಿಗೆ ಎಷ್ಟು ಗಂಟೆ ಸಿಗುತ್ತದೆ? ನನಗೆ ಯಾರೂ ಹೀಗೆ ಹೇಳಿಕೊಡಲಿಲ್ಲ. ನಾಲ್ಕು ವರ್ಷ ಯಾರ ಸಹಾಯವೂ ಬೇಡ, ನನ್ನ ಗಂಡನನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಸೆಟೆದುಕೊಂಡಿದ್ದೆ. ಬಂದವರೆಲ್ಲ ಎಂಥ ಹೆಂಗಸಪ್ಪ ಎಂದು ಹೊಗಳುವರು. ಹೊಗಳಿಕೆ ಕೇಳಿ ಇನ್ನಷ್ಟು ಸೆಟೆದುಕೊಳ್ಳುವೆ.

ಅದು ಹೇಗೆ ಮುಗಿಯಿತು ಎಂದು ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ. ಒಂದು ದಿನ ಮಧ್ಯಾಹ್ನ ಹನ್ನೊಂದನೆಯ ಸಲವೋ ಹನ್ನೆರಡನೆಯ ಸಲವೋ ಊಟ ಹಾಕಿಲ್ಲ ಎಂದು ಗದ್ದಲ ಮಾಡಿದರು. ತಟ್ಟೆ ಇನ್ನೂ ತೊಳೆದಿರಲಿಲ್ಲ, ಎದುರಿಗೇ ಇತ್ತು. ಕೈ ಎತ್ತಿಬಿಟ್ಟೆ. ಮೂವತ್ತೈದು ವರ್ಷದ ಸಂಸಾರದಲ್ಲಿ ಏರುದನಿಯಲ್ಲಿ ಮಾತಾಡದವಳು ಅವರ ಕೆನ್ನೆಗೆ ಹೊಡೆದೆ. ಅವರು ಹೆದರಿದ ಮಗುವಿನ ಹಾಗೆ ನೋಡಿದರು. ಹತ್ತು ನಿಮಿಷಕ್ಕೆ ಮರೆತು, ಊಟ ಆಯಿತೇನೇ ಎಂದು ನನ್ನನ್ನೇ ವಿಚಾರಿಸಿದರು. ಮರೆಯುವ ಕಾಯಿಲೆ ಇದ್ದದ್ದು ಅವರಿಗೆ, ನನಗಲ್ಲವಲ್ಲ. ಅಂದು ಸಂಜೆಯೇ ಪಕ್ಕದ ಮನೆಯವರ ಹತ್ತಿರ, ಯಾರಾದರೂ ಜನ ಸಿಗುತ್ತಾರಾ ನೋಡಿ ಎಂದೆ. ನಿಮ್ಮಮ್ಮ ನನ್ನ ತಂಗಿ. ಅವಳ ಕೈಗೆ ಆ ಮಧ್ಯಾಹ್ನ ಬರಬಾರದು.

ಗಂಟೆ ಎಲ್ಲಿ ಸಿಗುತ್ತದೆ? ಮೊದಲು ನಿನ್ನಲ್ಲೇ ಹುಡುಕು. ಬೆಂಗಳೂರಿನಿಂದ ಹದಿನೈದು ದಿನಕ್ಕೊಮ್ಮೆ ಬರುತ್ತೀಯ, ಹಣ್ಣು ತರುತ್ತೀಯ, ಹೊಸ ಬ್ಲಡ್ ಪ್ರೆಷರ್ ಮಿಷನ್ ತರುತ್ತೀಯ. ನೀನು ಬಂದ ದಿನ ನಿಮ್ಮಮ್ಮನಿಗೆ ಕೆಲಸ ಎರಡರಷ್ಟು, ಮಗ ಬಂದಿದ್ದಾನೆಂದು ಹುಳಿಯ ಜೊತೆ ಪಲ್ಯ, ಪಾಯಸ. ನಿಮ್ಮಪ್ಪನೂ ಅಂದು ಗೆಲುವಾಗಿ ಕೂತು ಕ್ರಿಕೆಟ್ ಮಾತಾಡುತ್ತಾರೆ. ಈ ಕಾಯಿಲೆಯವರಿಗೆ ಹೊರಗಿನವರ ಮುಂದೆ ಒಂದೆರಡು ಗಂಟೆ ತಮ್ಮನ್ನು ತಾವು ಎಳೆದು ನಿಲ್ಲಿಸಿಕೊಳ್ಳುವ ಶಕ್ತಿ ಎಲ್ಲಿಂದಲೋ ಬರುತ್ತದೆ. “ಅಪ್ಪ ಚೆನ್ನಾಗೇ ಇದ್ದಾರಲ್ಲಮ್ಮ” ಎಂದು ನೀನು ಹೇಳಿ ಹೊರಡುತ್ತೀಯ. ನಿನ್ನ ಕಾರು ತಿರುವು ದಾಟುವಷ್ಟರಲ್ಲಿ ಅವರು ಸೋತು ಕುಸಿಯುತ್ತಾರೆ, ರಾತ್ರಿಯೆಲ್ಲ ನಿದ್ದೆಯಿಲ್ಲ. ಆ ನಿನ್ನ ಒಂದು ಮಾತು ನಿಮ್ಮಮ್ಮನಿಗೆ ಹೇಗೆ ತಾಗುತ್ತದೆ ಗೊತ್ತೇನು? ತಾನು ಇಲ್ಲದ್ದನ್ನು ಹೇಳುತ್ತಿದ್ದೇನೆ ಎಂದು ಮಗ ತಿಳಿದುಕೊಂಡ ಎಂದು ಕೊರಗುತ್ತಾಳೆ. ಇನ್ನು ಮೇಲೆ ಬಂದರೆ ನೆಂಟನ ಹಾಗೆ ಬರಬೇಡ. ರಾತ್ರಿ ಉಳಿ. ನಿಮ್ಮಪ್ಪನ ಪಕ್ಕ ನೀನು ಮಲಗು, ನಿಮ್ಮಮ್ಮ ಬೇರೆ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಮಲಗಲಿ. ಅವರಿಗೆ ಸ್ನಾನ ಮಾಡಿಸು. ಅಪ್ಪನಿಗೆ ಸ್ನಾನ ಮಾಡಿಸುವುದು ನಾಚಿಕೆ ಎಂದರೆ, ನಿನಗೆ ಐದು ವರ್ಷದವರೆಗೆ ಯಾರು ಮಾಡಿಸಿದರು ಎಂದು ಯೋಚನೆ ಮಾಡು.

ನಿನ್ನ ಅಕ್ಕ ನ್ಯೂಜೆರ್ಸಿಯಲ್ಲಿ ಕೂತು ನಾನೇನು ಮಾಡಲಿ ದೊಡ್ಡಮ್ಮ ಎಂದು ಅತ್ತಳು. ಅವಳಿಂದ ಆಗುವಂಥದ್ದು ನಿನ್ನಿಂದಲೂ ಆಗುವುದಿಲ್ಲ. ಇಲ್ಲಿ ರಾತ್ರಿ ಎರಡು ಗಂಟೆಯಾದಾಗ ಅಲ್ಲಿ ಇನ್ನೂ ಸಾಯಂಕಾಲವಾಗಿರುವುದಿಲ್ಲ. ನಿಮ್ಮಪ್ಪ ಎದ್ದು ಕೂತ ಹೊತ್ತಿನಲ್ಲಿ ಅವಳು ವಿಡಿಯೋ ಕಾಲ್‌ನಲ್ಲಿ ಬಂದು ಹಳೆಯ ಮಾತು ಆಡುತ್ತಾ ಇರಲಿ. ಒಂದೇ ಕಥೆಯನ್ನು ಹತ್ತು ಸಲ ಕೇಳುವುದಕ್ಕೆ ವೀಸಾ ಬೇಡ. ಬ್ಯಾಂಕು, ಮಾತ್ರೆ ತರಿಸುವುದು, ಕರೆಂಟ್ ಬಿಲ್ಲು, ಇನ್ಶೂರೆನ್ಸು ಎಲ್ಲ ಅವಳ ತಲೆಗೆ ಕಟ್ಟಿ. ಸಾಗರದಾಚೆ ಇರುವವರಿಗೆ ಕೆಲಸ ಕೊಡದಿದ್ದರೆ ಅವರು ಸಲಹೆ ಕೊಡುತ್ತಾರೆ. ಅದಕ್ಕಿಂತ ಕೆಲಸ ಕೊಡುವುದು ಎಲ್ಲರಿಗೂ ಕ್ಷೇಮ.

ಈಗ ದುಡ್ಡಿನ ಕೆಲಸಕ್ಕೆ ಬರುತ್ತೇನೆ. ಮನೆಯಲ್ಲಿ ನೋಡಿಕೊಳ್ಳುವುದಕ್ಕೆ ಒಬ್ಬರನ್ನು ಗೊತ್ತು ಮಾಡಿ, ಈಗಲೇ. ನಿಮ್ಮಮ್ಮ ಇನ್ನೂ ಬೇಡ ಎನ್ನುತ್ತಾಳೆ, ನಾನೂ ಹಾಗೇ ಅಂದಿದ್ದೆ. ನಿಮ್ಮಪ್ಪನಿಗೆ ಹೊಸ ಮುಖವನ್ನು ಒಗ್ಗಿಸಿಕೊಳ್ಳುವ ಶಕ್ತಿ ಇನ್ನೂ ಇರುವಾಗಲೇ ಜನ ಬರಬೇಕು. ಹಾಸಿಗೆ ಹಿಡಿದ ಮೇಲೆ ಬಂದವರು ಅವರಿಗೆ ಕಳ್ಳರಂತೆಯೇ ಕಾಣುತ್ತಾರೆ. ನಾನು ಒಂದು ಏಜೆನ್ಸಿಯಿಂದ ಕರೆಸಿದೆ. ಮೊದಲನೆಯವನು ಹಗಲಿಡೀ ಮೊಬೈಲು ನೋಡಿದ, ಎರಡನೆಯವನು ಸಂಬಳದ ಮಾರನೆಯ ದಿನ ನಾಪತ್ತೆ. ಮೂರನೆಯವನಿಗೆ ಬದಲಾಗಿ ಒಬ್ಬಳು ಹುಡುಗಿ ಬಂದಳು, ಚಾಮರಾಜನಗರದ ಕಡೆಯವಳು, ಯಾವ ಟ್ರೇನಿಂಗೂ ಇಲ್ಲ. ಮನೆಯಲ್ಲಿ ಅಜ್ಜಿಯನ್ನು ನೋಡಿಕೊಂಡಿದ್ದಳು, ಅಷ್ಟೇ. ಮೂರು ವರ್ಷ ಇದ್ದಳು. ಅವಳಿಗೆ ವಾರಕ್ಕೊಂದು ರಜೆ ಕೊಡುತ್ತಿದ್ದೆ, ಆ ದಿನ ನನಗೆ ಎಷ್ಟೇ ಕಷ್ಟವಾದರೂ. ರಜೆಯಿಲ್ಲದೆ ದುಡಿದರೆ ಏನಾಗುತ್ತದೆ ಎಂದು ಆ ಹೊತ್ತಿಗೆ ನಾನು ಕಲಿತಿದ್ದೆ. ಬಂದವರ ಗುರುತಿನ ಚೀಟಿ ನೋಡಿ, ಪೊಲೀಸ್ ಪರಿಶೀಲನೆ ಮಾಡಿಸಿ. ಬಂಗಾರವನ್ನು ಲಾಕರಿಗೆ ಹಾಕಿ. ಅವರು ಕದಿಯುತ್ತಾರೆಂದಲ್ಲ. ನಿಮ್ಮಪ್ಪ ತಾವೇ ಎಲ್ಲೋ ಬಚ್ಚಿಟ್ಟು ಅವರ ಮೇಲೆ ಕಳ್ಳತನ ಹೊರಿಸುತ್ತಾರೆ. ನನ್ನ ಮಾಂಗಲ್ಯದ ಸರ ಅಕ್ಕಿ ಡಬ್ಬದಲ್ಲಿ ಸಿಕ್ಕಿತ್ತು.

ಬಂದವನನ್ನು ನಿಮ್ಮಪ್ಪನಿಗೆ ಹೇಗೆ ಪರಿಚಯಿಸುವುದು? ನಿಮ್ಮನ್ನು ನೋಡಿಕೊಳ್ಳೋಕೆ ಬಂದಿದ್ದಾನೆ ಎಂದರೆ ಅವನು ಅಂದೇ ಹೋದಂತೆ. ಊರಿನ ಕಡೆಯ ಹುಡುಗ, ಇಲ್ಲಿದ್ದು ಕೆಲಸ ಹುಡುಕುತ್ತಾನೆ ಎನ್ನಿ. ಸುಳ್ಳಲ್ಲವೇ ಎಂದು ನಿಮ್ಮಮ್ಮ ಕೇಳುತ್ತಾಳೆ. ನಿನ್ನ ದೊಡ್ಡಪ್ಪ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತೆರಡು ವರ್ಷ ದುಡಿದವರು, ನಿನಗೆ ನೆನಪಿರಬೇಕು. ಕಾಯಿಲೆ ಬಲಿತ ಮೇಲೆ ಬೆಳಗಾಗುವ ಮುಂಚೆ ಎದ್ದು, ಬುತ್ತಿ ಎಲ್ಲಿ, ಡ್ಯೂಟಿಗೆ ಹೊತ್ತಾಯಿತು ಎನ್ನುವರು. ರಿಟೈರ್ ಆಗಿ ಎಷ್ಟೋ ವರ್ಷ ಆಯಿತಲ್ಲ ಎಂದು ನಾನು ಸತ್ಯ ಹೇಳಿದ ದಿನಗಳಲ್ಲೆಲ್ಲ ಜಗಳ, ಕಣ್ಣೀರು. ಆಮೇಲೆ ಬುದ್ಧಿ ಬಂತು. ಚಿತ್ರಾನ್ನ ಕಲಸಿ ಡಬ್ಬಿಗೆ ಹಾಕಿ ಕೊಡುವೆ. ಇಬ್ಬರೂ ಪಾರ್ಕಿನವರೆಗೆ ನಡೆದು, ಬೆಂಚಿನ ಮೇಲೆ ಕೂತು ತಿಂದು, “ಶಿಫ್ಟು ಮುಗೀತು, ನಡೀರಿ” ಎಂದರೆ ತೃಪ್ತಿಯಿಂದ ಮನೆಗೆ ಬರುವರು. ಅವರ ಡ್ಯೂಟಿ ಅವರಿಗೆ ನಿಜವಾಗಿತ್ತು. ನಾನು ಅದರೊಳಗೆ ಹೋಗಿ ಕೂತೆ, ಅಷ್ಟೇ.

ಹಗಲು ಹೊತ್ತು ಬಿಟ್ಟುಬರುವ ಕೇಂದ್ರಗಳೂ ಇವೆ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನವರು 1998ರಿಂದ ಹಿರಿಯರಿಗಾಗಿಯೇ ಕೆಲಸ ಮಾಡುತ್ತಿದ್ದಾರೆ. ನಿನ್ನ ದೊಡ್ಡಪ್ಪನಿಗೆ ಕಾಯಿಲೆ ಗೊತ್ತಾದ 2010ರಲ್ಲೇ ಕಸ್ತೂರಿನಗರದಲ್ಲಿ ಅವರ ಅಲ್ಜೈಮರ್ ಕೇಂದ್ರ ಶುರುವಾಯಿತು. ಇಂಥ ಕಡೆ ಏನು ಮಾಡಿಸುತ್ತಾರೆ ಎಂದು ಕೇಳಿದರೆ ನಗು ಬರಬಹುದು: ಹಾಡು ಹೇಳಿಸುವುದು, ಬಟ್ಟೆ ಮಡಚಿಸುವುದು, ಕಾಳು ಬೇರೆ ಮಾಡಿಸುವುದು, ಬಣ್ಣ ಹಚ್ಚಿಸುವುದು. ಹಗಲು ಕೈಗೆ ಕೆಲಸವಿದ್ದರೆ ರಾತ್ರಿ ಸ್ವಲ್ಪ ನಿದ್ದೆ ಹತ್ತುತ್ತದೆ. ಅಲ್ಲಿಗೆ ಅದು ಗಂಟೆಯ ಲೆಕ್ಕದಲ್ಲಿ ಎರಡು ಸಲ ಸೇರಿತು. ಆದರೆ ಇಂಥವು ದೊಡ್ಡ ಊರುಗಳಲ್ಲೇ ಹೆಚ್ಚು, ಖರ್ಚೂ ಉಂಟು. ಸಿಗದ ಕಡೆ ನಾವೇ ಕಟ್ಟಿಕೊಳ್ಳಬೇಕು. ನಿಮ್ಮಪ್ಪನ ವಾಕಿಂಗ್ ಗೆಳೆಯರಿದ್ದಾರಲ್ಲ, ಐದು ಜನ? ಕಾಯಿಲೆ ಎಂದು ತಿಳಿದ ಮೇಲೆ ಅವರು ಬರುವುದು ನಿಂತಿದೆ. ಪ್ರೀತಿ ಹೋಗಿ ಅಲ್ಲ, ಏನು ಮಾತಾಡಬೇಕೋ ತಿಳಿಯದೆ. ನೀನೇ ಹೋಗಿ ಕೇಳು. ಮಂಗಳವಾರ ಒಬ್ಬರು, ಶುಕ್ರವಾರ ಒಬ್ಬರು, ಹತ್ತರಿಂದ ಹನ್ನೆರಡು, ಚೌಕಾಬಾರ ಆಡಿ ಎಂದು ಗೊತ್ತುಮಾಡು. ಕಾಯಿ ತಪ್ಪು ಮನೆಗೆ ನಡೆಸಿದರೆ ಸುಮ್ಮನಿರಿ ಎಂದು ಮೊದಲೇ ಹೇಳು. “ಏನಾದ್ರೂ ಬೇಕಾದ್ರೆ ಹೇಳಿ” ಎನ್ನುವವರು ಊರ ತುಂಬ ಇರುತ್ತಾರೆ. ದಿನ, ಗಂಟೆ, ಕೆಲಸ ಮೂರನ್ನೂ ಹೆಸರಿಸಿ ಕೇಳಿದರೆ ಅದರಲ್ಲಿ ಅರ್ಧ ಜನ ಬಂದೇ ಬರುತ್ತಾರೆ. ಕೇಳದೇ ಇದ್ದವಳು ಹೇಳುತ್ತಿದ್ದೇನೆ.

ವಾರಗಟ್ಟಲೆ ಬಿಟ್ಟಿರುವ ಮಾತು ಬಂದರೆ ಮನೆಯಲ್ಲಿ ಬಿರುಗಾಳಿ ಏಳುತ್ತದೆ. ಆಶ್ರಮಕ್ಕೆ ಹಾಕಿದರು ಎಂದು ನೆಂಟರು ಆಡಿಕೊಳ್ಳುತ್ತಾರೆ, ಅವರಲ್ಲಿ ಒಬ್ಬರೂ ಒಂದು ರಾತ್ರಿ ಬಂದು ಕೂತವರಲ್ಲ. ನನ್ನ ಕಣ್ಣಿನ ಪೊರೆ ಆಪರೇಷನ್ ಎರಡು ವರ್ಷ ಮುಂದಕ್ಕೆ ಹೋಯಿತು. ಕೊನೆಗೆ ಒಲೆಯ ಉರಿ ಕಾಣದಂತಾದಾಗ ಅವರನ್ನು ಹತ್ತು ದಿನ ಒಂದು ಆರೈಕೆ ಕೇಂದ್ರದಲ್ಲಿ ಬಿಟ್ಟೆ. ಮೊದಲ ರಾತ್ರಿ ಊಟ ಇಳಿಯಲಿಲ್ಲ, ಎರಡನೆಯ ರಾತ್ರಿ ಹನ್ನೊಂದು ಗಂಟೆ ಒಂದೇ ಸಮನೆ ನಿದ್ದೆ ಮಾಡಿದೆ. ಕರೆತರಲು ಹೋದಾಗ ಕಣ್ಣಿಗೆ ಕಪ್ಪು ಕನ್ನಡಕ, ಎದೆಯಲ್ಲಿ ಡವಡವ. ಅವರು ಸಿಟ್ಟೂ ಮಾಡಲಿಲ್ಲ, ಎಲ್ಲಿ ಹೋಗಿದ್ದೆ ಎಂದೂ ಕೇಳಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಆದರೂ ಮತ್ತೆ ಅಂಥ ಸಂದರ್ಭ ಬಂದಿದ್ದರೆ ಮತ್ತೆ ಬಿಡುತ್ತಿದ್ದೆ, ಎರಡು ವರ್ಷ ಕಾಯದೆ.

ನಿಮ್ಮಮ್ಮನನ್ನು ಇದೇ ಹಾದಿಯಲ್ಲಿರುವ ಬೇರೆ ಮನೆಯವರ ಜೊತೆ ಒಮ್ಮೆ ಕೂರಿಸು. ಎ.ಆರ್.ಡಿ.ಎಸ್.ಐ. ಎಂದು ಒಂದು ಸಂಸ್ಥೆ ಇದೆ, ಅಲ್ಜೈಮರ್ ಕುಟುಂಬಗಳಿಗಾಗಿ 1992ರಲ್ಲಿ ಕೇರಳದಲ್ಲಿ ಶುರುವಾದದ್ದು. ಬೆಂಗಳೂರಿನಲ್ಲೂ ಅದರ ಶಾಖೆ ಇದೆ. ಇಂಥದೊಂದು ಕೂಟಕ್ಕೆ ನಾನು ಹೋದದ್ದು ಒಲ್ಲದ ಮನಸ್ಸಿನಿಂದ. ನಮ್ಮ ಮನೆಯ ರಾಮಾಯಣ ಊರಿಗೆಲ್ಲ ಯಾಕೆ ಎಂಬ ಬಿಂಕ. ಅಲ್ಲಿ ಒಬ್ಬ ಹೆಂಗಸು, ತನ್ನ ಅತ್ತೆ ಕನ್ನಡಿಯಲ್ಲಿ ಕಂಡ ಮುದುಕಿಗೆ ದಿನವೂ ಕಾಫಿ ಕೊಡಿಸುತ್ತಾರೆ, ಎರಡು ಲೋಟ ಮಾಡುವುದೇ ಆಗಿದೆ ಎಂದಳು. ಕೋಣೆಗೆ ಕೋಣೆಯೇ ನಕ್ಕಿತು. ನಾನು ನಕ್ಕು ಎಷ್ಟು ದಿನ ಆಗಿತ್ತೋ. ಹೊರಗಿನವರು ಮರುಕದಿಂದ ತಲೆ ಅಲ್ಲಾಡಿಸುವ ಮಾತಿಗೆ ಅಲ್ಲಿ ನಗಬಹುದು. ಕನ್ನಡಿಗೆ ಬಟ್ಟೆ ಮುಚ್ಚಿ ಎಂದು ಇನ್ನೊಬ್ಬರು ಹೇಳಿದರು. ಯಾವ ಡಾಕ್ಟರೂ ನನಗೆ ಅದನ್ನು ಹೇಳಿರಲಿಲ್ಲ.

ರಾತ್ರಿ ಹೊತ್ತಿಗೆ ಒಂದು ನಂಬರು ಫ್ರಿಡ್ಜಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಅಂಟಿಸು: 14416. ಟೆಲಿ ಮಾನಸ್ ಎನ್ನುತ್ತಾರೆ, 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅದು ನಿಮ್ಮಪ್ಪನಿಗಲ್ಲ, ನಿಮ್ಮಮ್ಮನಿಗೆ. ಕೈ ಎತ್ತುವ ಮುಂಚಿನ ಗಳಿಗೆಗೆ. ನನ್ನ ಕಾಲಕ್ಕೆ ಅದಿರಲಿಲ್ಲ.

ತಪ್ಪಿಸಿಕೊಂಡು ಹೋಗುವ ಭಯ ನಿನಗೆ ಇನ್ನೂ ಬಂದಿಲ್ಲ, ಬರುತ್ತದೆ. ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಸಿನಿಮಾ ನೋಡಿದ್ದೀಯಲ್ಲ, 2016ರದು, ಅನಂತನಾಗ್ ಮರೆವಿನ ತಂದೆಯಾಗಿ ಕಳೆದುಹೋಗುತ್ತಾರೆ. ನಾನು ನೋಡಿದ್ದು ಅರ್ಧ. ಇಂಟರ್ವಲ್‌ನಲ್ಲಿ ಎದ್ದು ಮನೆಗೆ ಓಡಿದೆ, ಇವರು ಮನೆಯಲ್ಲಿದ್ದಾರೋ ಇಲ್ಲವೋ ಎಂದು. ಒಮ್ಮೆ ನಿಜವಾಗಿಯೂ ಹೋದರು. ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನು ಎಲ್ಲ ಹುಡುಕಿದೆವು. ಅವರು ಹುಡುಗರಾಗಿದ್ದಾಗ ಬಾಡಿಗೆಗಿದ್ದ ಅಗ್ರಹಾರದ ಮನೆಯ ಜಗಲಿ ಮೇಲೆ, ಅಮ್ಮ ಬಾಗಿಲು ತೆಗೆಯುತ್ತಿಲ್ಲ ಎಂದು ಕೂತಿದ್ದರು. ಆದ್ದರಿಂದ ನಿಮ್ಮಪ್ಪ ಹಿಂದೆ ಇದ್ದ ಮನೆ, ಓದಿದ ಶಾಲೆ, ಮೊದಲ ಆಫೀಸು ಇವುಗಳ ಪಟ್ಟಿ ಮಾಡಿಡು. ಪ್ರತಿ ಅಂಗಿಯ ಕಾಲರಿನ ಒಳಗೆ ಫೋನ್ ನಂಬರು ಹೊಲಿಸು. ತಿಂಗಳಿಗೊಂದು ಹೊಸ ಫೋಟೋ ನಿನ್ನ ಮೊಬೈಲಿನಲ್ಲಿರಲಿ. ಕಾಣೆಯಾದರೆ ಒಂದು ಗಂಟೆ ನೋಡೋಣ ಎನ್ನದೆ ತಕ್ಷಣ 112. ಬೆಂಗಳೂರಿಗೆ ಕರೆದುಕೊಂಡು ಹೋದಾಗ 1090 ಕೂಡ ನೆನಪಿರಲಿ, ಅದು ನಗರದ ಪೊಲೀಸರೂ ನೈಟಿಂಗೇಲ್ಸ್‌ನವರೂ ಸೇರಿ 2002ರಿಂದ ನಡೆಸುತ್ತಿರುವ ಹಿರಿಯರ ಸಹಾಯವಾಣಿ. ಇಡೀ ದೇಶಕ್ಕೆ 14567 ಇದೆ, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟು. ಇವೆಲ್ಲಕ್ಕಿಂತ ಮೊದಲು ನಿಮ್ಮ ಬೀದಿಗೆ ಹೇಳು. ಹಾಲಿನ ಬೂತು, ಹೂವಿನವಳು, ಆಟೊ ಸ್ಟ್ಯಾಂಡು, ಇಸ್ತ್ರಿಯವನು. ನಿಮ್ಮಮ್ಮ ನಾಚಿಕೊಂಡು ಮುಚ್ಚಿಟ್ಟಿದ್ದಾಳೆ. ಮುಚ್ಚಿಟ್ಟ ವಿಷಯವನ್ನು ಕಾಯಲು ಅವಳೊಬ್ಬಳೇ, ಹೇಳಿಬಿಟ್ಟರೆ ಇಡೀ ಬೀದಿಯೇ ಕಾಯುತ್ತದೆ.

ಕಾಗದ ಪತ್ರದ ಕೆಲಸ ಬೇಜಾರಿನದು, ಬೇಗ ಹೇಳುತ್ತೇನೆ. ನಿಮ್ಮಪ್ಪನಿಗೆ ಇನ್ನೂ ವಿಷಯ ತಿಳಿಯುವಷ್ಟು ಇರುವಾಗಲೇ ಬ್ಯಾಂಕ್ ಖಾತೆಗಳನ್ನು ಇಬ್ಬರಲ್ಲಿ ಯಾರಾದರೂ ವ್ಯವಹರಿಸುವಂತೆ ಜಂಟಿ ಮಾಡಿಸಿ. ನಾಮಿನಿ ಹೆಸರುಗಳನ್ನು ನೋಡಿ. ವಿಲ್ ಬರೆಯುವುದಿದ್ದರೆ, ಅವರ ಮನಸ್ಸು ಸ್ವಸ್ಥವಾಗಿದೆ ಎಂಬ ಡಾಕ್ಟರ ಪತ್ರವನ್ನು ಜೊತೆಗಿಟ್ಟು ಈಗಲೇ ಬರೆಸಿ. ಜಿಪಿಎ, ಅಂದರೆ ಅವರ ಪರವಾಗಿ ವ್ಯವಹರಿಸುವ ಅಧಿಕಾರಪತ್ರ, ಇದೆಯಲ್ಲ ಎಂದು ನೆಮ್ಮದಿಯಾಗಿರಬೇಡ. ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಜಿಪಿಎ ಕಾನೂನಿನ ಕಣ್ಣಿನಲ್ಲಿ ನಿಲ್ಲುವುದಿಲ್ಲ. ಆಮೇಲೆ ಒಂದು ಸೈಟಿನ ವ್ಯವಹಾರಕ್ಕೂ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ. ನಿನ್ನ ದೊಡ್ಡಪ್ಪನ ಸಹಿ ಮೊದಲು ಸೊಟ್ಟಗಾಯಿತು, ಚೆಕ್ಕು ವಾಪಸ್ಸು ಬಂತು. ಆಮೇಲೆ ಸಹಿಯೇ ಮರೆತುಹೋಯಿತು. ಅವರು ತೀರಿಕೊಂಡ 2019ರಲ್ಲೇ ನಮ್ಮ ಮಂಗಳೂರಿನ ಜಾರ್ಜ್ ಫೆರ್ನಾಂಡಿಸ್ ಕೂಡ ಹೋದರು, ಅದೇ ಕಾಯಿಲೆಯವರು. ದೇಶದ ರಕ್ಷಣಾ ಮಂತ್ರಿಯಾಗಿದ್ದವರು ಯಾರ ಮನೆಯಲ್ಲಿರಬೇಕು, ಅವರನ್ನು ಯಾರು ಹೋಗಿ ನೋಡಬಹುದು ಎಂಬುದನ್ನು ಮನೆಯವರೂ ಆಪ್ತರೂ ದೆಹಲಿಯ ಕೋರ್ಟುಗಳಲ್ಲಿ ವರ್ಷಗಟ್ಟಲೆ ವಾದಿಸಿದರು. ನೀನೂ ನಿನ್ನ ಅಕ್ಕನೂ ಈಗ ಅನ್ಯೋನ್ಯವಾಗಿದ್ದೀರಿ, ಈಗಲೇ ಕೂತು ಮಾತಾಡಿಕೊಳ್ಳಿ.

ಪೆನ್ಷನ್ನಿನ ಲೈಫ್ ಸರ್ಟಿಫಿಕೇಟಿಗೆ ಅವರನ್ನು ನವೆಂಬರಿನಲ್ಲಿ ಬ್ಯಾಂಕಿನ ಕ್ಯೂನಲ್ಲಿ ನಿಲ್ಲಿಸಬೇಕಿಲ್ಲ, ಜೀವನ್ ಪ್ರಮಾಣ್‌ನಲ್ಲಿ ಮೊಬೈಲಿಗೆ ಮುಖ ತೋರಿಸಿದರೆ ಆಯಿತು. ಅಂಗವೈಕಲ್ಯ ಪ್ರಮಾಣಪತ್ರ ಕೈಕಾಲು ಇಲ್ಲದವರಿಗೆ ಮಾತ್ರ ಎಂದು ತಿಳಿಯಬೇಡ, ಡಿಮೆನ್ಶಿಯಾವನ್ನೂ ಅಳೆದು ಕೊಡುತ್ತಾರೆ, ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕು. ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಚಿಕಿತ್ಸೆಯ ಖರ್ಚಿಗೆ 1 ಲಕ್ಷ ರೂಪಾಯಿಯವರೆಗೆ ಕಡಿತವುಂಟು, 80ಡಿಡಿಬಿ ಎಂದರೆ ಆಡಿಟರಿಗೆ ತಿಳಿಯುತ್ತದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯ ಎಂದು ತಜ್ಞರು ಬರೆದುಕೊಡಬೇಕು. ಇದೆಲ್ಲ ಅಕ್ಕನ ಪಾಲಿಗೆ ಹೋಗಲಿ, ನಿನ್ನ ಪಾಲಿಗೆ ರಾತ್ರಿಗಳು ಇವೆಯಲ್ಲ.

ನಿಮ್ಮಮ್ಮನ ಜೊತೆ ಫೋನಿನಲ್ಲಿ ಮಾತಾಡಿದ್ದೇನೆ. ಬರುವ ಶನಿವಾರ ಹತ್ತು ಗಂಟೆಗೆ ಅವಳನ್ನು ಕರೆದುಕೊಂಡು ಹೊರಡುತ್ತೇನೆ, ದೇವರಾಜ ಮಾರ್ಕೆಟ್ಟಿಗೆ. ಮಲ್ಲಿಗೆ ಕೊಳ್ಳಬೇಕು, ಹೋಟೆಲಿನಲ್ಲಿ ಕೂತು ದೋಸೆ ತಿನ್ನಬೇಕು. ಅವಳು ಬರುವುದಿಲ್ಲ ಎಂದಳು, ಬರುತ್ತಾಳೆ. ಐದು ನಿಮಿಷಕ್ಕೊಮ್ಮೆ ನಿನಗೆ ಫೋನ್ ಮಾಡುತ್ತಾಳೆ, ಎರಡನೆಯದನ್ನು ಎತ್ತಬೇಡ. ನೀನು ಶುಕ್ರವಾರ ರಾತ್ರಿಯೇ ಬಂದುಬಿಡು. ಬಿಚ್ಚಿದ ಚಿಲಕವನ್ನು ಸ್ಕ್ರೂ ಸಮೇತ ಅಡುಗೆಮನೆಯ ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿಟ್ಟಿದ್ದಾಳಂತೆ. ಬರುವಾಗ ಒಂದು ಸ್ಕ್ರೂಡ್ರೈವರ್ ತಾ. ಬೆಳಿಗ್ಗೆ ಅವಳು ಸ್ನಾನಕ್ಕೆ ಹೋಗುವ ಮುಂಚೆ ಹಾಕಿಕೊಡು, ಭಾನುವಾರ ನೀನು ಹೊರಡುವಾಗ ಮರೆಯದೆ ಬಿಚ್ಚಿಡು.

ನಿನ್ನ ದೊಡ್ಡಮ್ಮ